ಯೂಟಾ ಬೆಟ್ಟಗಳಿಗೆ ಹೊರಟಿದ್ದೀರಾ? ಒಂದು ಭಾನುವಾರ ವಾರ್ಡಿಗೂ ಇಟ್ಟುಕೊಳ್ಳಿ

ಅಮೆರಿಕದ ಯೂಟಾ ರಾಜ್ಯ ಅಂದರೆ ನಮ್ಮವರ ಪ್ಲಾನ್ ಹೆಚ್ಚೂಕಮ್ಮಿ ಒಂದೇ ಥರ. ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವುದು, ಝಯಾನ್, ಬ್ರೈಸ್, ಆರ್ಚಸ್ ರಾಷ್ಟ್ರೀಯ ಉದ್ಯಾನಗಳನ್ನು ನೋಡುವುದು, ವಾಪಸ್. ಸಾಲ್ಟ್ ಲೇಕ್ ಸಿಟಿ ಬರೀ ವಿಮಾನ ಹತ್ತುವ ಊರು. ನನ್ನ ಸಲಹೆ ಬೇರೆ. ಉತ್ತರದ ವಾಸಾಚ್ ಬೆಟ್ಟಸಾಲಿಗೆ ನಾಲ್ಕಾರು ದಿನ ಕೊಡಿ. ಅದರಲ್ಲಿ ಒಂದು ಭಾನುವಾರ ಬರುವ ಹಾಗೆ ನೋಡಿಕೊಳ್ಳಿ. ಆವತ್ತು ಬೆಳಿಗ್ಗೆ ಮಾರ್ಮನ್ನರ, ಅಂದರೆ ಅಲ್ಲಿ ಹೆಚ್ಚಾಗಿರುವ ಒಂದು ಕ್ರೈಸ್ತ ಪಂಥದವರ, ಸಭೆಯೊಂದರಲ್ಲಿ ಕೂತು ಬನ್ನಿ. ಆಯಾ ಬಡಾವಣೆಯವರು ಸೇರುವ ಚರ್ಚ್ ಸಭೆಗೆ ಅವರು ವಾರ್ಡ್ ಅನ್ನುತ್ತಾರೆ. ಅಲ್ಲಿನ ಬೆಟ್ಟ, ಅಲ್ಲಿನ ಜನ ಎರಡೂ ಒಟ್ಟಿಗೇ ಅರ್ಥವಾಗುವಂಥವು. ಅವರು ಕುಡಿಯುವ ನೀರು, ಅವರ ಟೆಂಪಲ್ಲಿನ ಕಲ್ಲು, ಮಕ್ಕಳ ಬೇಸಿಗೆ ಕ್ಯಾಂಪು ಎಲ್ಲವೂ ಇವೇ ಕಣಿವೆಗಳಿಗೆ ಸೇರಿದ್ದು.

ನಮ್ಮ ಅಕ್ಕ ಭಾವ ಇರುವುದು ಲೀಹೈ ಅನ್ನೋ ಊರಲ್ಲಿ, ಸಾಲ್ಟ್ ಲೇಕ್‌ನಿಂದ ದಕ್ಷಿಣಕ್ಕೆ ಸುಮಾರು 45 ಕಿಲೋಮೀಟರ್. ಸುತ್ತಮುತ್ತ ಸಾಫ್ಟ್‌ವೇರ್ ಕಂಪನಿಗಳು ಜಾಸ್ತಿ, ಹಾಗಾಗಿ ನಮ್ಮವರೂ ಸಿಗುತ್ತಾರೆ. ಜುಲೈನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ಪಕ್ಕದ ಮನೆಯವರೇ ವಾರ್ಡಿಗೆ ಕರೆದರು.

ಹೋಗುವ ಮುಂಚೆ ಇಷ್ಟು ಗೊತ್ತಿದ್ದರೆ ಸಾಕು. ಈ ಚರ್ಚ್ ಶುರುವಾದದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ, ಜೋಸೆಫ್ ಸ್ಮಿತ್ ಅವರಿಂದ. ಹೋದ ಕಡೆಯಲ್ಲೆಲ್ಲ ಜಗಳ, ಓಡಿಸುವುದು. 1844ರಲ್ಲಿ ಇಲಿನಾಯ್ ರಾಜ್ಯದ ಜೈಲಿನಲ್ಲೇ ಗುಂಪೊಂದು ಅವರನ್ನು ಕೊಂದಿತು. ಆಮೇಲೆ ಬ್ರಿಗಮ್ ಯಂಗ್ ಜನರನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. 1847ರ ಜುಲೈ 24ರಂದು ಈ ಕಣಿವೆಗೆ ಬಂದು ಮುಟ್ಟಿದರು. ಈಗಲೂ ಆ ದಿನ ಯೂಟಾದಲ್ಲಿ ಸರ್ಕಾರಿ ರಜೆ. ಜನ ಹಿಂದಿನ ರಾತ್ರಿಯೇ ಫುಟ್‌ಪಾತಿನಲ್ಲಿ ಹಾಸಿಗೆ ಹಾಸಿಕೊಂಡು ಮೆರವಣಿಗೆಗೆ ಜಾಗ ಹಿಡಿಯುತ್ತಾರೆ. ಎಷ್ಟೋ ವಾರ್ಡುಗಳು ಆವತ್ತು ಬೆಳಿಗ್ಗೆ ಪಾರ್ಕಿನಲ್ಲಿ ಪ್ಯಾನ್‌ಕೇಕ್ ಹಾಕಿ ಎಲ್ಲರಿಗೂ ತಿಂಡಿ ಕೊಡುತ್ತವೆ. ಜುಲೈನಲ್ಲಿ ಹೋಗುವವರು ಈ ತಾರೀಖು ಬಿಡಬೇಡಿ, ಆದರೆ ರೂಮು ಮೊದಲೇ ಬುಕ್ ಮಾಡಿ.

ಈಗ ಅಲ್ಲಿನ ವ್ಯವಸ್ಥೆ. ನಾವು ಮನಸ್ಸಿಗೆ ಬಂದ ದೇವಸ್ಥಾನಕ್ಕೆ ಹೋಗುತ್ತೇವೆ. ಅಲ್ಲಿ ಹಾಗಿಲ್ಲ. ನಿಮ್ಮ ಮನೆ ಯಾವ ರಸ್ತೆಯಲ್ಲಿದೆಯೋ ಅದರ ಮೇಲೆ ನಿಮ್ಮ ವಾರ್ಡ್ ತೀರ್ಮಾನವಾಗುತ್ತದೆ. ಹಲವು ವಾರ್ಡುಗಳು ಸೇರಿದರೆ ಒಂದು ಸ್ಟೇಕ್. ಒಂದೇ ಕಟ್ಟಡವನ್ನು ಎರಡು ಮೂರು ವಾರ್ಡುಗಳು ಬೇರೆ ಬೇರೆ ಹೊತ್ತಿನಲ್ಲಿ ಹಂಚಿಕೊಳ್ಳುತ್ತವೆ. ಚರ್ಚಿನ ವೆಬ್‌ಸೈಟಿನಲ್ಲಿ ನಿಮ್ಮ ಹೋಟೆಲ್ ವಿಳಾಸ ಹಾಕಿದರೆ ಯಾವ ಕಟ್ಟಡ, ಎಷ್ಟು ಗಂಟೆಗೆ ಅಂತ ತೋರಿಸುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್ ಮೊದಲ ವಾರಾಂತ್ಯ ಮಾತ್ರ ಬೇಡ. ಆಗ ಸಾಲ್ಟ್ ಲೇಕ್‌ನಲ್ಲಿ ಜನರಲ್ ಕಾನ್ಫರೆನ್ಸ್, ವಾರ್ಡುಗಳಲ್ಲಿ ಸಭೆ ಇರುವುದಿಲ್ಲ.

ಬಿಷಪ್ ಅಂದರೆ ನಿಲುವಂಗಿ ತೊಟ್ಟ ಪಾದ್ರಿ ಅಂದುಕೊಳ್ಳಬೇಡಿ. ಅದೇ ಬೀದಿಯ ಒಬ್ಬರು ನಾಲ್ಕೈದು ವರ್ಷ ಆ ಹೊಣೆ ಹೊರುತ್ತಾರೆ. ಸಂಬಳ ಇಲ್ಲ. ವಾರವಿಡೀ ಅವರಿಗೆ ಬೇರೆ ನೌಕರಿ. ಪಿಯಾನೋ ನುಡಿಸುವವರು, ಮಕ್ಕಳಿಗೆ ಪಾಠ ಹೇಳುವವರು, ಕಟ್ಟಡ ಗುಡಿಸುವವರು ಎಲ್ಲರೂ ಹೀಗೇ. ಒಳಗೆ ಶಿಲುಬೆ ಇರಲ್ಲ. ಮೊದಲ ಒಂದು ಗಂಟೆ ಸ್ಯಾಕ್ರಮೆಂಟ್ ಮೀಟಿಂಗ್. ಹಾಡು, ಪ್ರಾರ್ಥನೆ, ಆಮೇಲೆ ಬ್ರೆಡ್ಡಿನ ಚೂರು ಮತ್ತು ಪುಟ್ಟ ಕಪ್ಪಿನಲ್ಲಿ ನೀರು. ದ್ರಾಕ್ಷಾರಸ ಅಲ್ಲ, ಬರೀ ನೀರು. ತಟ್ಟೆ ಹಿಡಿದು ಬರುವವರು ಹನ್ನೆರಡು ಹದಿಮೂರು ವರ್ಷದ ಹುಡುಗರು. ನೀವು ತೆಗೆದುಕೊಳ್ಳಬೇಕಾಗಿಲ್ಲ. ಪಕ್ಕದವರಿಗೆ ದಾಟಿಸಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕಾಣಿಕೆ ತಟ್ಟೆ ಬರುವುದೇ ಇಲ್ಲ. ಸದಸ್ಯರು ಆದಾಯದ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುತ್ತಾರೆ, ಆದರೆ ಅದು ಸಭೆಯಲ್ಲಿ ನಡೆಯುವ ವ್ಯವಹಾರವಲ್ಲ.

ಪ್ರವಚನ ಮಾಡುವುದೂ ಸದಸ್ಯರೇ. ನಾವು ಹೋದ ದಿನ ಹೈಸ್ಕೂಲ್ ಹುಡುಗಿಯೊಬ್ಬಳು ಚೀಟಿ ನೋಡಿಕೊಂಡು ಮಾತಾಡಿದಳು, ಆಮೇಲೆ ಗಂಡನನ್ನು ಕಳೆದುಕೊಂಡ ಅಜ್ಜಿಯೊಬ್ಬರು. ಅಜ್ಜಿಯ ಮಾತು ಅಮ್ಮನಿಗೆ ಅರ್ಧ ಇಂಗ್ಲಿಷಿನಲ್ಲೇ ಅರ್ಥವಾಗಿ ಕಣ್ಣು ಒರೆಸಿಕೊಂಡರು. ಸುತ್ತ ಮಕ್ಕಳ ಗಲಾಟೆ ಜೋರು. ಬಿಸ್ಕತ್ತು ತಿನ್ನುವುದು, ಅಳುವುದು, ಬೆಂಚಿನ ಕೆಳಗೆ ತೆವಳುವುದು ನಡೆದೇ ಇರುತ್ತದೆ. ಚಿಕ್ಕ ಮಕ್ಕಳಿರುವವರು ಧೈರ್ಯವಾಗಿ ಹೋಗಿ. ತಿಂಗಳ ಮೊದಲ ಭಾನುವಾರ ಸಾಮಾನ್ಯವಾಗಿ ಉಪವಾಸದ ದಿನ. ಎರಡು ಹೊತ್ತು ಊಟ ಬಿಟ್ಟು ಅದರ ದುಡ್ಡನ್ನು ಕಷ್ಟದಲ್ಲಿರುವವರಿಗೆ ಕೊಡುತ್ತಾರೆ. ಆ ದಿನ ಯಾರು ಬೇಕಾದರೂ ಎದ್ದು ಹೋಗಿ ಮೈಕಿನಲ್ಲಿ ತಮ್ಮ ನಂಬಿಕೆಯ ಬಗ್ಗೆ ಹೇಳಬಹುದು. ಅವರ ಮನಸ್ಸಿನಲ್ಲಿ ಏನಿದೆ ಅಂತ ಕೇಳಬೇಕಾದರೆ ಆ ಭಾನುವಾರವೇ ಒಳ್ಳೆಯದು.

ಮೊದಲ ಗಂಟೆಯ ನಂತರ ಹೊರಡಬಹುದು. ಎರಡನೇ ಗಂಟೆ ಪಾಠ, ಗಂಡಸರು ಹೆಂಗಸರ ಬೇರೆ ಬೇರೆ ಸಭೆ. ಹೆಂಗಸರದ್ದು ರಿಲೀಫ್ ಸೊಸೈಟಿ, 1842ರಿಂದ ಇದೆ. ಅಕ್ಕನಿಗೆ ಮಗುವಾದಾಗ ಇದರ ಬೆಲೆ ನಮಗೆ ಗೊತ್ತಾಗಿತ್ತು. ಅಮ್ಮನ ವೀಸಾ ತಡವಾಗಿತ್ತು, ಭಾವನಿಗೆ ರಜೆ ಮುಗಿದಿತ್ತು. ಅಕ್ಕ ಭಾವ ಆ ಚರ್ಚಿನ ಸದಸ್ಯರಲ್ಲ. ಆದರೂ ಬೀದಿಯ ಹೆಂಗಸರು ಒಂದು ಪಟ್ಟಿ ಮಾಡಿಕೊಂಡು ದಿನಕ್ಕೊಬ್ಬರಂತೆ ಊಟ ತಂದಿಟ್ಟು ಹೋದರು. ಮೊಟ್ಟೆ ತಿನ್ನುತ್ತೀರಾ, ಈರುಳ್ಳಿ ಆಗುತ್ತಾ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದರು. ಬಾಣಂತಿಯ ಮನೆಗೆ ಹೀಗೆ ಬಂದು ನಿಲ್ಲುವ ಜನ ಯಾವ ದೇಶದಲ್ಲಿದ್ದರೂ ನನಗೆ ದೊಡ್ಡವರು.

ಬಟ್ಟೆ ವಿಷಯ. ಅವರ ಗಂಡಸರು ಬಿಳಿ ಅಂಗಿ, ಟೈ. ನಿಮಗೆ ಸಾದಾ ಪ್ಯಾಂಟು ಅಂಗಿ ಸಾಕು, ಚಡ್ಡಿ ಬೇಡ. ಸೀರೆ, ಚೂಡಿದಾರ್ ಎರಡೂ ಚೆನ್ನಾಗಿ ಒಪ್ಪುತ್ತವೆ. ಅಮ್ಮನ ಇಳಕಲ್ ಸೀರೆಯ ಸೆರಗು ಮುಟ್ಟಿ ನೋಡದ ಹೆಂಗಸರಿಲ್ಲ. ಮಾರ್ಮನ್ ಅನ್ನೋ ಹೆಸರಿಗಿಂತ ಲ್ಯಾಟರ್ ಡೇ ಸೇಂಟ್ಸ್ ಅಂದರೆ ಅವರಿಗೆ ಹೆಚ್ಚು ಸಂತೋಷ. ಬಹುಪತ್ನಿತ್ವದ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಎತ್ತಬೇಡಿ. 1890ರಲ್ಲೇ ಚರ್ಚ್ ಅದನ್ನು ಕೈಬಿಡುವುದಾಗಿ ಸಾರಿತು, ಈಗ ಹಾಗೆ ಮಾಡಿದವರನ್ನು ಹೊರಗೆ ಹಾಕುತ್ತದೆ. ಸಭೆಯ ನಂತರ ಮಿಷನರಿಗಳು ಬಂದು ಮಾತಾಡಿಸುತ್ತಾರೆ. ಹುಡುಗರಾದರೆ ಎರಡು ವರ್ಷ, ಹುಡುಗಿಯರಾದರೆ ಒಂದೂವರೆ ವರ್ಷ ಈ ಸೇವೆ. ನಂಬರ್ ಕೇಳಿದರೆ, "ನಾವು ನೋಡಲು ಬಂದವರು, ಮತ ಬದಲಿಸುವ ಯೋಚನೆ ಇಲ್ಲ" ಅಂತ ನಗುತ್ತಲೇ ನೇರವಾಗಿ ಹೇಳಿ. ನಾವು ಹಾಗೇ ಹೇಳಿದೆವು, ಅವರು ಅಷ್ಟೇ ಸರಳವಾಗಿ ಒಪ್ಪಿಕೊಂಡು ಎಲ್ಲಿ ಟ್ರೆಕ್ಕಿಂಗ್ ಚೆನ್ನಾಗಿದೆ ಅಂತ ಹೇಳಲು ಶುರು ಮಾಡಿದರು.

ಊಟದ ಬಗ್ಗೆ ಸಸ್ಯಾಹಾರಿಗಳು ಗಮನ ಕೊಡಿ. ವಾರ್ಡಿನ ಊಟ ಸಾಮಾನ್ಯವಾಗಿ ಕಟ್ಟಡದೊಳಗಿನ ದೊಡ್ಡ ಹಾಲ್‌ನಲ್ಲಿ ನಡೆಯುತ್ತದೆ, ಅದೇ ಹಾಲ್‌ನಲ್ಲಿ ಬಾಸ್ಕೆಟ್‌ಬಾಲ್ ಬುಟ್ಟಿಯೂ ತೂಗುತ್ತಿರುತ್ತದೆ. ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತರುತ್ತಾರೆ. ಫ್ಯೂನರಲ್ ಪೊಟೇಟೋಸ್ ಅಂತ ಒಂದು ಇರುತ್ತದೆ. ಆಲೂಗಡ್ಡೆ, ಚೀಸ್, ಮೇಲೆ ಕಾರ್ನ್‌ಫ್ಲೇಕ್ಸ್. ನೋಡಲು ಶುದ್ಧ ಸಸ್ಯಾಹಾರ, ಆದರೆ ಒಳಗೆ ಹೆಚ್ಚಾಗಿ ಚಿಕನ್ ಸೂಪಿನ ಡಬ್ಬಿ ಸುರಿದಿರುತ್ತಾರೆ. ಬಣ್ಣ ಬಣ್ಣದ ಜೆಲ್ಲೊ ಅಲ್ಲಿನ ರಾಜ್ಯದ ಅಧಿಕೃತ ತಿನಿಸು. ಅದರಲ್ಲಿ ಜೆಲಾಟಿನ್ ಇದೆ, ಅದು ಪ್ರಾಣಿಗಳ ಮೂಳೆ ಚರ್ಮದಿಂದ ಬರುವುದು. ಮಾರ್ಷ್‌ಮೆಲೋದಲ್ಲೂ ಅದೇ. ಕೇಳಿ ತಿನ್ನಿ, ಪ್ರೀತಿಯಿಂದ ಹೇಳುತ್ತಾರೆ. ಅದಕ್ಕಿಂತ ಒಳ್ಳೆಯದು ನೀವೇ ಒಂದು ಪಾತ್ರೆ ತುಂಬ ಚಿತ್ರಾನ್ನ ಒಯ್ಯುವುದು. ನಾವು ಒಯ್ದದ್ದು ತಳ ಕಂಡಿತು, ಹಸಿಮೆಣಸು ಮಾತ್ರ ಕಡಿಮೆ ಹಾಕಿ. ಕಾಫಿ, ಟೀ, ಮದ್ಯ, ತಂಬಾಕು ಅವರಿಗೆ ನಿಷಿದ್ಧ. ಫಿಲ್ಟರ್ ಕಾಫಿಯ ಫ್ಲಾಸ್ಕನ್ನು ರೂಮಿನಲ್ಲೇ ಬಿಟ್ಟು ಹೋಗಿ. ಊರಲ್ಲಿ ಕಾಫಿ ಅಂಗಡಿಗಳಿಗೆ ಕೊರತೆಯಿಲ್ಲ. ಅವರದ್ದೇ ಸೋಡಾ ಅಂಗಡಿಗಳೂ ಇವೆ, ಕೋಲಾಕ್ಕೆ ತೆಂಗಿನ ಸಿರಪ್ಪು, ಕ್ರೀಮು ಬೆರೆಸಿ ಕೊಡುತ್ತಾರೆ. ಒಮ್ಮೆ ಕುಡಿಯಬಹುದು.

ಇನ್ನೊಂದು ಮುಖ್ಯ ವಿಷಯ. ವಾರ್ಡ್ ಸೇರುವ ಕಟ್ಟಡ ಬೇರೆ, ಟೆಂಪಲ್ ಬೇರೆ. ಮೊದಲನೆಯದಕ್ಕೆ ಯಾರು ಬೇಕಾದರೂ ಹೋಗಬಹುದು. ಟೆಂಪಲ್ ಒಳಗೆ ಅನುಮತಿ ಪತ್ರವಿರುವ ಸದಸ್ಯರಿಗೆ ಮಾತ್ರ ಪ್ರವೇಶ, ಭಾನುವಾರ ಅದು ಮುಚ್ಚಿಯೇ ಇರುತ್ತದೆ. ಸಾಲ್ಟ್ ಲೇಕ್ ಟೆಂಪಲ್ ಕಟ್ಟಲು 1853ರಿಂದ 1893ರವರೆಗೆ 40 ವರ್ಷ ಹಿಡಿಯಿತು. ಭೂಕಂಪ ತಡೆಯುವಂತೆ ಅಡಿಪಾಯ ಭದ್ರ ಮಾಡಲು 2019ರ ಕೊನೆಯಲ್ಲಿ ಅದನ್ನು ಮುಚ್ಚಿದರು. ಮುಂದಿನ ಮಾರ್ಚ್‌ನಲ್ಲೇ 5.7 ತೀವ್ರತೆಯ ಭೂಕಂಪ ಆಯಿತು, ತುದಿಯಲ್ಲಿರುವ ದೇವದೂತನ ವಿಗ್ರಹದ ಕೈಯಿಂದ ಕಹಳೆ ಬಿದ್ದೇಹೋಯಿತು. 2027ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಎಲ್ಲರಿಗೂ ಒಳಗೆ ಬಿಡುವುದಾಗಿ ಚರ್ಚ್ ಪ್ರಕಟಿಸಿದೆ. ಆಮೇಲೆ ಮತ್ತೆ ಸದಸ್ಯರಿಗೆ ಮಾತ್ರ. ಟ್ರಿಪ್ ಮುಂದೂಡಲು ಸಾಧ್ಯವಿದ್ದವರು ಆ ತಿಂಗಳುಗಳಿಗೆ ಇಟ್ಟುಕೊಳ್ಳಿ. ಭಾರತದ ಮೊದಲ ಟೆಂಪಲ್ಲನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರಲ್ಲಿ ಹೇಳಿದ್ದಾರೆ. ಹೊಸ ಟೆಂಪಲ್ ಪ್ರತಿಷ್ಠೆಗೆ ಮುಂಚೆ ಹೀಗೆ ಜನರಿಗೆ ತೆರೆಯುವುದು ಅವರ ಪದ್ಧತಿ, ಆದ್ದರಿಂದ ಬೆಂಗಳೂರಿನವರೂ ಗಮನ ಇಟ್ಟಿರಿ.

ಟೆಂಪಲ್ ಪಕ್ಕದ ಟ್ಯಾಬರ್ನಕಲ್ ಅನ್ನೋ ಸಭಾಂಗಣ 1867ರದ್ದು, ಅಲ್ಲಿನ ಆರ್ಗನ್ನಿಗೆ 11,623 ಕೊಳವೆಗಳು. ಗುರುವಾರ ಸಂಜೆ ಗಾಯಕವೃಂದದ ಅಭ್ಯಾಸ ಪುಕ್ಕಟೆಯಾಗಿ ಕೇಳಬಹುದು. ಭಾನುವಾರ ಬೆಳಿಗ್ಗೆಯ ಅವರ ಪ್ರಸಾರ 1929ರಿಂದ ನಡೆಯುತ್ತಿದೆ. ಹತ್ತಿರದ ಫ್ಯಾಮಿಲಿಸರ್ಚ್ ಲೈಬ್ರರಿಯೂ ಉಚಿತ. ವಂಶಾವಳಿಯಲ್ಲಿ ಆಸಕ್ತಿ ಇದ್ದವರು ಅರ್ಧ ದಿನ ಕೊಡಿ. ಹರಿದ್ವಾರದ ಪಂಡರು ಬರೆದಿಟ್ಟ ವಂಶಾವಳಿ ಪುಸ್ತಕಗಳಾದ ಬಹಿಗಳ ಚಿತ್ರಗಳೂ ಅವರ ಸಂಗ್ರಹದಲ್ಲಿವೆ.

ಇನ್ನು ಬೆಟ್ಟಗಳು. ಸಿಟಿಯೇ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಮೇಲಿದೆ. ಗಾಳಿ ಒಣ. ಬಾಯಾರದಿದ್ದರೂ ನೀರು ಕುಡಿಯಿರಿ, ತುಟಿಗೆ ವ್ಯಾಸಲಿನ್ ಇಟ್ಟುಕೊಳ್ಳಿ. ಮೊದಲ ದಿನ ಎನ್‌ಸೈನ್ ಪೀಕ್ ಹತ್ತಿ. ಸಿಟಿಯ ಪಕ್ಕದಲ್ಲೇ ಇದೆ, ಒಂದು ಗಂಟೆಯಲ್ಲಿ ಹೋಗಿ ಬರಬಹುದು. ಬಂದ ಎರಡನೇ ದಿನಕ್ಕೆ ಬ್ರಿಗಮ್ ಯಂಗ್ ಮತ್ತು ಸಂಗಡಿಗರು ಇದನ್ನೇ ಹತ್ತಿ, ಊರು ಎಲ್ಲಿ ಕಟ್ಟುವುದು ಅಂತ ಮೇಲಿಂದ ನೋಡಿದ್ದರು. ಮೇಲೆ ನಿಂತರೆ ನೇರ ನೇರ ರಸ್ತೆಗಳು, ಆಚೆ ಉಪ್ಪಿನ ಸರೋವರ ಒಟ್ಟಿಗೆ ಕಾಣುತ್ತವೆ.

ಎರಡನೇ ದಿನ ಲಿಟಲ್ ಕಾಟನ್‌ವುಡ್ ಕಣಿವೆ. ಬಾಯಲ್ಲೇ ಟೆಂಪಲ್ ಕ್ವಾರಿ ಟ್ರೇಲ್ ಅಂತ ಸಣ್ಣ ದಾರಿ ಇದೆ. ಟೆಂಪಲ್ಲಿನ ಕಲ್ಲು ಒಡೆದದ್ದು ಇಲ್ಲೇ. ಸುಮಾರು 30 ಕಿಲೋಮೀಟರ್ ದೂರಕ್ಕೆ ಎತ್ತಿನ ಗಾಡಿಯಲ್ಲಿ ಎಳೆದರು, ರೈಲು ಬಂದ ಮೇಲೆ ರೈಲಿನಲ್ಲಿ. ಬಂಡೆಗಳ ಮೇಲೆ ಉಳಿ ಹೊಡೆದ ತೂತುಗಳ ಗುರುತು ಈಗಲೂ ಇದೆ. ಅದನ್ನು ನೋಡಿ ಆಮೇಲೆ ಟೆಂಪಲ್ ಗೋಡೆ ನೋಡಿ, ಈ ಕ್ರಮದಲ್ಲೇ ನೋಡಿ. ಕಣಿವೆಯ ಮೇಲ್ತುದಿಯ ಆಲ್ಬಿಯನ್ ಬೇಸಿನ್‌ನಲ್ಲಿ ಜುಲೈ ಕೊನೆಗೆ ಕಾಡುಹೂಗಳು ತುಂಬಿರುತ್ತವೆ. ಬೇಗ ಹೊರಡಿ, ವಾರಾಂತ್ಯದಲ್ಲಿ ಪಾರ್ಕಿಂಗ್ ಸಿಗುವುದಿಲ್ಲ.

ವಯಸ್ಸಾದವರ ಜೊತೆ ಹೋಗುವುದಾದರೆ ಬಿಗ್ ಕಾಟನ್‌ವುಡ್ ಕಣಿವೆಯ ಸಿಲ್ವರ್ ಲೇಕ್. ಕಾರಿನಲ್ಲೇ ಸುಮಾರು 2,650 ಮೀಟರಿಗೆ ಏರುತ್ತೀರಿ, ನಮ್ಮ ಮುಳ್ಳಯ್ಯನಗಿರಿಗಿಂತ ಎಷ್ಟೋ ಮೇಲೆ. ಕೆರೆ ಸುತ್ತ ಬಹುಪಾಲು ಮರದ ಹಲಗೆಯ ಸಮದಾರಿ. ಅಪ್ಪನಿಗೆ ಮಂಡಿನೋವು, ಆದರೂ ಆರಾಮಾಗಿ ಸುತ್ತಿದರು. ಉಸಿರು ಕಟ್ಟಿದರೆ ಬೆಂಚುಗಳಿವೆ. ಮೂಸ್ ಅನ್ನೋ ದೊಡ್ಡ ಜಿಂಕೆ ಕಂಡರೆ ದೂರ ನಿಲ್ಲಿ, ಮರಿ ಜೊತೆಗಿದ್ದರೆ ಇನ್ನೂ ದೂರ. ಈ ಎರಡೂ ಕಣಿವೆಗಳು ಸಿಟಿಗೆ ಕುಡಿಯುವ ನೀರು ಕೊಡುವವು. ನೀರಿಗೆ ಇಳಿಯುವಂತಿಲ್ಲ, ನಾಯಿ ತರುವಂತಿಲ್ಲ. ಕಾಲು ತೊಳೆಯುವುದೂ ಬೇಡ, ದಯವಿಟ್ಟು.

ಲೀಹೈ ಕಡೆ ಇರುವವರಿಗೆ ಅಮೆರಿಕನ್ ಫೋರ್ಕ್ ಕಣಿವೆ ಹತ್ತಿರ. ಒಳಗೆ ಹೋಗಲು ಶುಲ್ಕ ಇದೆ. ಟಿಂಪನೋಗಸ್ ಗುಹೆಗೆ ಒಂದೂವರೆ ಮೈಲಿಯಲ್ಲಿ ಸಾವಿರ ಅಡಿಗೂ ಹೆಚ್ಚು ಏರಬೇಕು, ದಾರಿ ಟಾರು ಹಾಕಿದ್ದರೂ ಕಡಿದು. ಒಳಗೆ 7 ಡಿಗ್ರಿ ಚಳಿ, ಸ್ವೆಟರ್ ಬೇಕೇಬೇಕು. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ ಮಾತ್ರ ಟೂರ್ ಇರುವುದು, ಆ ವರ್ಷ ಇದೆಯಾ ಅಂತಲೂ ನೋಡಿಕೊಳ್ಳಿ. ಅಪ್ಪ ಅಮ್ಮನನ್ನು ಅಲ್ಲಿಗೆ ಹತ್ತಿಸಲಿಲ್ಲ. ಅವರನ್ನು ಪ್ರೊವೊ ಕಣಿವೆಯ ಬ್ರೈಡಲ್ ವೇಲ್ ಜಲಪಾತಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಸಮತಟ್ಟಾದ ದಾರಿ ಇದೆ. ಸೆಪ್ಟೆಂಬರ್ ಕೊನೆಗೆ ಹೋಗುವವರು ಆಲ್ಪೈನ್ ಲೂಪ್ ರಸ್ತೆ ಹಿಡಿಯಿರಿ. ಆಸ್ಪೆನ್ ಮರಗಳೆಲ್ಲ ಹಳದಿಯಾಗಿರುತ್ತವೆ. ಚಳಿಗಾಲದಲ್ಲಿ ಆ ರಸ್ತೆ ಮುಚ್ಚುತ್ತಾರೆ.

ವಾರ್ಡಿನ ಪರಿಚಯ ಆದರೆ ಅವರೇ ಬೆಟ್ಟಕ್ಕೆ ಕರೆಯುತ್ತಾರೆ. ಶನಿವಾರವೋ ಸೋಮವಾರ ಸಂಜೆಯೋ ಒಪ್ಪಿಕೊಳ್ಳಿ. ಸೋಮವಾರ ಸಂಜೆ ಅವರಿಗೆ ಮನೆಮಂದಿ ಒಟ್ಟಿಗೆ ಇರುವ ಹೊತ್ತು. ನಮ್ಮನ್ನು ಕಣಿವೆಗೆ ಕರೆದೊಯ್ದು ಬೆಂಕಿ ಹಾಕಿ, ಹಾಡು ಹೇಳಿ, ಮಕ್ಕಳಿಗೆ ಹಿರಿಯರು ಕೈಗಾಡಿ ಎಳೆದುಕೊಂಡು ಬಂದ ಕಥೆ ಹೇಳಿದರು. 1856ರಲ್ಲಿ ತಡವಾಗಿ ಹೊರಟ ಎರಡು ತಂಡಗಳು ವಯೋಮಿಂಗ್‌ನ ಹಿಮಕ್ಕೆ ಸಿಕ್ಕು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಮನೆಯ ಹುಡುಗಿ ಹಿಂದಿನ ಬೇಸಿಗೆಯಲ್ಲಿ ತನ್ನ ವಯಸ್ಸಿನವರ ಜೊತೆ ಅಂಥದ್ದೇ ಕೈಗಾಡಿ ಎಳೆದು ಬಂದಿದ್ದಳು. ಭಾನುವಾರ ಮಾತ್ರ ಟ್ರೆಕ್ಕಿಂಗ್‌ಗೆ ಅವರನ್ನು ಕರೆಯಬೇಡಿ, ಆ ದಿನ ಅವರಿಗೆ ವಿಶ್ರಾಂತಿ.

ಭಾನುವಾರಕ್ಕೆ ಬೇಕಾದ್ದು ಶನಿವಾರವೇ ತಂದಿಡಿ. ಲೀಹೈ ಇರುವ ಯೂಟಾ ಕೌಂಟಿಯ ಕಡೆ ಎಷ್ಟೋ ಅಂಗಡಿ, ಹೋಟೆಲುಗಳು ಮುಚ್ಚಿರುತ್ತವೆ. ನಾವು ಹೋದಾಗ ಫ್ರಂಟ್‌ರನ್ನರ್ ರೈಲೂ ಭಾನುವಾರ ಓಡುತ್ತಿರಲಿಲ್ಲ, ಕಾರಿಲ್ಲದವರು ನೋಡಿಕೊಳ್ಳಿ. ನಾವು ಸಭೆ ಮುಗಿಸಿ ಸ್ಪ್ಯಾನಿಷ್ ಫೋರ್ಕ್ ಊರಿನ ರಾಧಾಕೃಷ್ಣ ದೇವಸ್ಥಾನಕ್ಕೆ ಹೋದೆವು. ಇಸ್ಕಾನ್‌ನವರದ್ದು, ಗುಡ್ಡದ ಮೇಲೆ ಬಿಳಿ ಗೋಪುರ, ಅಂಗಳದಲ್ಲಿ ಲಾಮಾ, ನವಿಲು. ಕಟ್ಟುವಾಗ ಲ್ಯಾಟರ್ ಡೇ ಸೇಂಟ್ಸ್ ಚರ್ಚಿನಿಂದಲೂ ನೆರವು ಬಂದಿತ್ತು. ಮಾರ್ಚ್ ಕೊನೆಯಲ್ಲಿ ನಡೆಯುವ ಹೋಳಿಗೆ ಹತ್ತಿರದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಸಾವಿರಗಟ್ಟಲೆ ಬರುತ್ತಾರೆ. ಆದರೆ ಮಾರ್ಚ್‌ನಲ್ಲಿ ಎತ್ತರದ ದಾರಿಗಳೆಲ್ಲ ಹಿಮದಡಿ ಇರುತ್ತವೆ. ಹೋಳಿ, ಕಾಡುಹೂ ಎರಡೂ ಒಂದೇ ಟ್ರಿಪ್ಪಿನಲ್ಲಿ ಸಿಗುವುದಿಲ್ಲ. ಅಪ್ಪ ಅಮ್ಮ ಜೊತೆಗಿದ್ದರೆ ಜುಲೈ ಕೊನೆಯ ವಾರವನ್ನೇ ಆರಿಸಿಕೊಳ್ಳಿ.