ಕೂಗಳತೆಯ ಶಾಲೆಗೆ ಮೂರು ಕಿಲೋಮೀಟರ್

ನಮ್ಮ ಮನೆಯ ಮಹಡಿಯಲ್ಲಿ ನಿಂತರೆ ಮಗಳ ಶಾಲೆಯ ಗಂಟೆ ಸ್ಪಷ್ಟವಾಗಿ ಕೇಳಿಸುತ್ತದೆ. ಮೈದಾನದಲ್ಲಿ ಮಕ್ಕಳು ಆಡುವ ಗದ್ದಲವೂ ಕೇಳಿಸುತ್ತದೆ. ಹೀಗೆ ಕೂಗಳತೆಯಲ್ಲಿರುವ ಶಾಲೆಗೆ ಅವಳನ್ನು ಬಿಡಲು ನಾನು ಪ್ರತಿದಿನ ಬೆಳಿಗ್ಗೆ 3 ಕಿಲೋಮೀಟರ್ ವಾಹನ ಓಡಿಸಬೇಕು, ಏಕೆಂದರೆ ನಮ್ಮ ಬಡಾವಣೆಗೂ ಶಾಲೆಯಿರುವ ಬಡಾವಣೆಗೂ ನಡುವೆ ಒಂದು ಕಾಂಪೌಂಡ್ ಗೋಡೆಯಿದೆ, ಆ ಗೋಡೆಗೆ ಬಾಗಿಲಿಲ್ಲ. ನಾವು ಹೊರಬೀಳಲು ಇರುವ ಒಂದೇ ದಾರಿ ಮುಖ್ಯರಸ್ತೆಗೆ ಹೋಗಿ ಸೇರುತ್ತದೆ. ಅವರ ಒಂದೇ ದಾರಿಯೂ ಅದೇ ಮುಖ್ಯರಸ್ತೆಗೆ ಬಂದು ಸೇರುತ್ತದೆ. ಎಂಟು ಗಂಟೆಯ ಹೊತ್ತಿಗೆ ಇಷ್ಟು ದೂರಕ್ಕೆ 40 ನಿಮಿಷ ಹಿಡಿಯುತ್ತದೆ.

ಮೊದಲೆಲ್ಲ ನಾನೂ ವಾಹನಗಳು ಹೆಚ್ಚಾದವು, ರಸ್ತೆ ಸಾಲದಾಯಿತು ಎಂದೇ ಹೇಳುತ್ತಿದ್ದೆ. ಈಗ ನನಗೆ ಕಾಣುವ ಮೂಲ ತೊಡಕು ಬೇರೆ. ವೇಗವಾಗಿ ಬೆಳೆಯುವ ನಗರದ ಅಂಚಿನಲ್ಲಿ ಒಂದೊಂದು ಹೊಲ ಒಂದೊಂದು ಬಡಾವಣೆಯಾಗುತ್ತದೆ. ಹೊಲದ ಎಲ್ಲೆಯೇ ಬಡಾವಣೆಯ ಎಲ್ಲೆ. ಒಳಗಿನ ರಸ್ತೆಗಳನ್ನು ನಿವೇಶನ ಮಾರುವವರು ತಮಗೆ ಅನುಕೂಲವಾದಂತೆ ಹಾಕುತ್ತಾರೆ, ಆದರೆ ಪಕ್ಕದ ಹೊಲದ ರಸ್ತೆಗೆ ಅವುಗಳನ್ನು ಕೂಡಿಸುವ ಹೊಣೆ ಯಾರದ್ದೂ ಅಲ್ಲ. ಇಪ್ಪತ್ತು ವರ್ಷಗಳ ನಂತರ ನಕ್ಷೆಯನ್ನು ನೋಡಿದರೆ ನಗರವು ಬಲೆಯಂತೆ ಹೆಣೆದುಕೊಳ್ಳದೆ, ಒಂದು ಕಾಂಡಕ್ಕೆ ಜೋತುಬಿದ್ದ ನೂರು ಕೊಂಬೆಗಳಂತೆ ಕಾಣುತ್ತದೆ. ಒಂದು ಕೊಂಬೆಯಿಂದ ಪಕ್ಕದ ಕೊಂಬೆಗೆ ಹೋಗಲು ಕಾಂಡಕ್ಕೇ ಇಳಿದು ಬರಬೇಕು. ಹೀಗಾಗಿ ಊರಿಂದೂರಿಗೆ ಸರಕು ಸಾಗಿಸುವ ಲಾರಿಯೂ, ಪಕ್ಕದ ಬೀದಿಯಿಂದ ಮಾತ್ರೆ ತರಲು ಹೊರಟವರ ಸ್ಕೂಟರೂ ಒಂದೇ ಸಿಗ್ನಲ್ಲಿನಲ್ಲಿ ಕಾಯುತ್ತವೆ. ಅಲ್ಲಿ ಒಂದು ವಾಹನ ಕೆಟ್ಟು ನಿಂತರೆ ಸುತ್ತಿಕೊಂಡು ಹೋಗಲು ಇನ್ನೊಂದು ದಾರಿಯಿಲ್ಲ. ಹಿಂದೆ ಸಿಕ್ಕಿಕೊಂಡಿರುವ ಆಂಬುಲೆನ್ಸಿಗೂ ಇಲ್ಲ.

ಇದರ ಅತ್ಯಂತ ಕೆಟ್ಟ ಪರಿಣಾಮ ಆಗಿರುವುದು ಬಸ್ಸಿನ ಮೇಲೆ ಎಂಬುದು ನನ್ನ ಅಭಿಪ್ರಾಯ, ಮತ್ತು ಇದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವ ರಸ್ತೆ ಇದ್ದರೆ ಮಾತ್ರ ಬಸ್ಸು ಜನವಸತಿಯ ನಡುವೆ ಹಾದುಹೋಗಬಲ್ಲದು. ಕೊನೆ ಮುಚ್ಚಿದ ರಸ್ತೆಯೊಳಗೆ ಅದು ಬಂದರೆ ತಿರುಗಲು ಜಾಗವಿಲ್ಲ, ಬಂದ ದಾರಿಯಲ್ಲೇ ಹಿಂತಿರುಗುವಷ್ಟು ಸಮಯವೂ ಇಲ್ಲ. ಆದ್ದರಿಂದ ಬಸ್ಸು ಮುಖ್ಯರಸ್ತೆಯಲ್ಲೇ ಉಳಿಯುತ್ತದೆ, ಜನರು ಅಲ್ಲಿಯವರೆಗೆ ಪಾದಚಾರಿ ಮಾರ್ಗವಿಲ್ಲದ ದಾರಿಯಲ್ಲಿ ನಡೆಯಬೇಕಾಗುತ್ತದೆ. ಕೆಲವು ತಿಂಗಳು ಹಾಗೆ ನಡೆದವರು ಕೈಯಲ್ಲಿ ಒಂದಿಷ್ಟು ಹಣ ಕೂಡಿದ ಕೂಡಲೇ ದ್ವಿಚಕ್ರ ವಾಹನ ಕೊಳ್ಳುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ನಾನೂ ಹಾಗೆಯೇ ಮಾಡಿದ್ದೇನೆ.

ಮನೆಗಳು ಏಳುವ ಮೊದಲೇ ಬೀದಿಗಳನ್ನು ಗುರುತಿಸಿಟ್ಟ ನಗರಗಳು ಇಲ್ಲದಿಲ್ಲ. ನ್ಯೂಯಾರ್ಕ್ 1811ರಲ್ಲಿ ಮ್ಯಾನ್‌ಹ್ಯಾಟನ್ ದ್ವೀಪದ 155ನೆಯ ಬೀದಿಯವರೆಗೆ ನಕ್ಷೆ ಹಾಕಿದಾಗ ಅಲ್ಲಿನ ಜನಸಂಖ್ಯೆ ಸುಮಾರು 1 ಲಕ್ಷ ಮಾತ್ರ, ನಕ್ಷೆಯ ಬಹುಭಾಗ ಇನ್ನೂ ಹೊಲ ಮತ್ತು ಬಂಡೆ. ಬಾರ್ಸಿಲೋನಾದ ಹಳೆಯ ಕೋಟೆಗೋಡೆಯನ್ನು 1854ರಿಂದ ಕೆಡವತೊಡಗಿದ ಮೇಲೆ, ಇಲ್ಡೆಫಾನ್ಸ್ ಸೆರ್ಡಾ ಎಂಬ ಎಂಜಿನಿಯರ್ 1859ರಲ್ಲಿ ಹೊರಗಿನ ಬಯಲಿಗೆ ಚೌಕಾಕಾರದ ವಿಸ್ತರಣೆಯನ್ನು ರೂಪಿಸಿದರು. ಅವರು ಸಾಮಾನ್ಯ ಬೀದಿಗೂ 20 ಮೀಟರ್ ಅಗಲ ಇಟ್ಟರು, ಪ್ರತಿ ಮೂಲೆಯನ್ನೂ ಓರೆಯಾಗಿ ಕತ್ತರಿಸಿ ತಿರುವಿನಲ್ಲಿ ಎದುರಿನವರು ಕಾಣುವಂತೆ ಮಾಡಿದರು. ಈ ಎರಡು ನಗರಗಳಲ್ಲಿ ದಟ್ಟಣೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮ್ಯಾನ್‌ಹ್ಯಾಟನ್ನಿನ ದಟ್ಟಣೆ ತಾಳಲಾರದೆ 2025ರ ಜನವರಿಯಲ್ಲಿ ಅದರ ದಕ್ಷಿಣ ಭಾಗವನ್ನು ಪ್ರವೇಶಿಸುವ ವಾಹನಗಳಿಗೆ ಶುಲ್ಕ ವಿಧಿಸಲಾಯಿತು. ಆದರೆ ಹಾಗೆ ಶುಲ್ಕ ಕೇಳುವುದು ಸಾಧ್ಯವಾದದ್ದು, ಕಾರು ಬಿಟ್ಟವರಿಗೆ ನಡೆಯಲು, ಬಸ್ಸು ಹಿಡಿಯಲು, ಸುರಂಗದ ರೈಲು ಏರಲು ದಾರಿಗಳು ಇದ್ದುದರಿಂದ.

ಅಂಥ ದಾರಿಗಳಿಲ್ಲದ ಕಡೆ ಉಳಿಯುವ ಉಪಾಯ ಅಗಲೀಕರಣ ಮತ್ತು ಮೇಲ್ಸೇತುವೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೇಟಿ ಹೆದ್ದಾರಿಯನ್ನು 2008ರ ವೇಳೆಗೆ ಎಷ್ಟು ಹಿಗ್ಗಿಸಿದರೆಂದರೆ, ಪಕ್ಕದ ಸೇವಾ ರಸ್ತೆಗಳನ್ನೂ ಸೇರಿಸಿ ಎಣಿಸಿದರೆ ಕೆಲವು ಕಡೆ 26 ಪಥಗಳಾಗುತ್ತವೆ. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣದ ಅವಧಿ ಮತ್ತೆ ಏರಿತು. ರಸ್ತೆ ಸುಗಮವಾದೊಡನೆ ಬೇರೆ ಹೊತ್ತಿನಲ್ಲಿ ಹೋಗುತ್ತಿದ್ದವರು, ಬೇರೆ ದಾರಿ ಹಿಡಿದಿದ್ದವರು ಅದಕ್ಕೇ ಬರುತ್ತಾರೆ, ಇನ್ನೂ ದೂರದಲ್ಲಿ ಹೊಸ ಮನೆಗಳು ಏಳುತ್ತವೆ. ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ ಈ ಬಗೆಯ ಮರುತುಂಬುವಿಕೆಯನ್ನು 1962ರಲ್ಲೇ ವಿವರಿಸಿದ್ದರು. ಇದಕ್ಕೆ ವಿರುದ್ಧವಾಗಿ, ದಕ್ಷಿಣ ಕೊರಿಯಾದ ಸೋಲ್ ನಗರವು ದಿನಕ್ಕೆ ಸುಮಾರು ಒಂದು ಲಕ್ಷ ವಾಹನಗಳು ಓಡಾಡುತ್ತಿದ್ದ ಒಂದು ಎತ್ತರಿಸಿದ ರಸ್ತೆಯನ್ನು 2003ರಲ್ಲಿ ಕೆಡವಲು ಆರಂಭಿಸಿ, ಅದರಡಿ ಹೂತುಹೋಗಿದ್ದ ಚೋಂಗ್ಯೇಚೋನ್ ತೊರೆಯನ್ನು 2005ರಲ್ಲಿ ಮತ್ತೆ ಹರಿಯಬಿಟ್ಟಿತು. ನಗರ ಸ್ತಬ್ಧವಾಗಲಿಲ್ಲ. 2004ರಲ್ಲಿ ಅಲ್ಲಿನ ಬಸ್ ಮಾರ್ಗಗಳನ್ನೆಲ್ಲ ಮರುಜೋಡಿಸಿ, ರಸ್ತೆಯ ನಡುವಿನ ಪಥವನ್ನು ಬಸ್ಸಿಗೆ ಮೀಸಲಿಟ್ಟದ್ದೂ ಇದೇ ಕಾಲದ ಕೆಲಸ ಎಂಬುದನ್ನು ಮರೆಯಬಾರದು.

ಬೇರೆ ಬೇರೆಯವರ ಹೊಲಗಳ ನಡುವೆ ರಸ್ತೆಯನ್ನು ಹೇಗೆ ಎಳೆಯುವುದು ಎಂದು ಕೇಳುವವರಿಗೆ ಉತ್ತರವೂ ಹಳೆಯದೇ. ಜರ್ಮನಿಯ ಫ್ರಾಂಕ್‌ಫರ್ಟಿಗಾಗಿ 1902ರಲ್ಲಿ ಮಾಡಿದ ಕಾಯ್ದೆಯಂತೆ ಅಕ್ಕಪಕ್ಕದ ಜಮೀನುಗಳನ್ನು ಒಟ್ಟುಗೂಡಿಸಿ, ರಸ್ತೆಗೆ ಬೇಕಾದ ಪಾಲನ್ನು ಎಲ್ಲರಿಂದಲೂ ತೆಗೆದು, ಉಳಿದದ್ದನ್ನು ನೇರ್ಪಡಿಸಿ ಅವರವರಿಗೇ ಹಿಂತಿರುಗಿಸಬಹುದಿತ್ತು. ಜಪಾನಿನ ಎಷ್ಟೋ ನಗರಭಾಗಗಳು ಇದೇ ಬಗೆಯ ವಿಧಾನದಿಂದ ರೂಪುಗೊಂಡಿವೆ. ಜಮೀನು ಕಿರಿದಾಗುತ್ತದೆ, ಆದರೆ ರಸ್ತೆ ಬಂದುದರಿಂದ ಅದರ ಬೆಲೆ ಸಾಮಾನ್ಯವಾಗಿ ಏರುತ್ತದೆ. ಮನೆಗಳು ಬಂದ ಮೇಲೆ ಇದು ಬಹಳ ಕಷ್ಟ; ಒಂದು ಅಡ್ಡರಸ್ತೆಗಾಗಿ ಹತ್ತಾರು ಕುಟುಂಬಗಳನ್ನು ಎಬ್ಬಿಸಬೇಕಾಗುತ್ತದೆ, ಅದನ್ನು ನಾನು ಬಯಸಲಾರೆ.

ಹಾಗಿದ್ದರೂ ಗೋಡೆಯಲ್ಲಿ ಒಂದು ಬಾಗಿಲು ಇಡಲು ಯಾರ ಮನೆಯನ್ನೂ ಕೆಡವಬೇಕಾಗಿಲ್ಲ. ನಮ್ಮ ನಿವಾಸಿಗಳ ಸಭೆಯಲ್ಲಿ ಇದನ್ನು ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಒಪ್ಪಿಗೆ ಸಿಗಲಿಲ್ಲ. ಅಪರಿಚಿತರು ನುಗ್ಗುತ್ತಾರೆ, ಒಳರಸ್ತೆ ವಾಹನಗಳ ಅಡ್ಡದಾರಿಯಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಅವರ ಭಯ ಸುಳ್ಳಲ್ಲ. ಒಳರಸ್ತೆಯಲ್ಲಿ ಆಡುವ ಮಕ್ಕಳನ್ನು ನೋಡಿಯೇ ಅವರು ಹಾಗೆ ಹೇಳಿದ್ದು. ಆದ್ದರಿಂದ ಮುಂದಿನ ಸಭೆಗೆ ನಾನು ನಕ್ಷೆಯೊಂದನ್ನು ಬರೆದು ಒಯ್ಯುತ್ತಿದ್ದೇನೆ: 4 ಅಡಿ ಅಗಲದ ಬಾಗಿಲು, ಅದರ ಮುಂದೆ ಕಾರು, ಸ್ಕೂಟರ್ ನುಸುಳದಂತೆ ನೆಟ್ಟ ಕಂಬಗಳು, ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಮಾತ್ರ ತೆರೆಯುವ ಚಿಲಕ. ನಮ್ಮ ಬಡಾವಣೆಯಿಂದ ಆ ಶಾಲೆಗೆ ಹೋಗುವ ಮಕ್ಕಳನ್ನು ಎಣಿಸಿದ್ದೇನೆ, 31 ಜನರಿದ್ದಾರೆ. ಬಾಗಿಲಿನಿಂದ ತರಗತಿಯವರೆಗೆ ನನ್ನ ಮಗಳಿಗೆ 6 ನಿಮಿಷದ ನಡಿಗೆ.