ಜಿಗಣೆ ಗ್ರೂಪಿನವರು ಪಾಪು ನೋಡೋಕೆ ಬಂದಿದ್ರು

23 ನವೆಂಬರ್ 2025, ಭಾನುವಾರ
ಅಮ್ಮನ ಮನೆ, ತುಮರಿ ಹತ್ರ

ಗುರುವಾರ ಪಾಪುಗೆ ಆರು ವಾರದ ಇಂಜೆಕ್ಷನ್ ಹಾಕ್ಸಿದ್ವಿ, ಪುಟಾಣಿ ತೊಡೆಗೆ ಸೂಜಿ ಚುಚ್ಚಿ ಬಾಯಿಗೆ ಪೋಲಿಯೋ, ರೋಟಾ ಹನಿ ಹಾಕಿ ತಾಯಿ ಕಾರ್ಡಲ್ಲಿ ಬರ್ದು ಕಳಿಸಿದ್ರು, ರಾತ್ರಿ ಪೂರ್ತಿ ಜ್ವರ, ಅಳು, ನಾನೂ ಅತ್ತೆ. ಶುಕ್ರವಾರ ಜ್ವರ ಇಳೀತು. ಶನಿವಾರ ನನ್ನ ಹಾಸ್ಟೆಲ್ ಗೆಳತಿಯರಿಬ್ರೂ ಬಂದ್ರು, ಇವತ್ತು ಬೆಳಗ್ಗೆ ತಿಂಡಿ ತಿಂದು ಹೊರಟ್ರು. ಪಾಪು ಮಲಗಿದಾಗ ನೀನೂ ಮಲಗು ಅಂತ ಬಂದೋರೆಲ್ಲ ಹೇಳ್ತಾರೆ, ಬಾಣಂತಿ ಮೊಬೈಲ್ ನೋಡಿದ್ರೆ ಕಣ್ಣು ಹೋಗುತ್ತೆ ಅಂತ ಅಮ್ಮ ಹೇಳ್ತಾಳೆ, ಹಾಗಾಗಿ ಕಂಬಳಿ ಒಳಗೆ ಮುಸುಕು ಹಾಕ್ಕೊಂಡು ಟೈಪ್ ಮಾಡ್ತಿದೀನಿ.

ಹೆಸರು ಹಾಕ್ಬೇಡ ಅಂದಿದಾರೆ ಇಬ್ರೂ. ಧಾರವಾಡದವಳು, ಕುಂದಾಪುರದವಳು, ಅಷ್ಟೇ. ಮೈಸೂರಲ್ಲಿ ಮಾನಸಗಂಗೋತ್ರಿ ಹಾಸ್ಟೆಲ್ಲಲ್ಲಿ ಒಂದೇ ರೂಮು ನಮ್ದು. ವಾಟ್ಸಾಪ್ ಗ್ರೂಪಿನ ಹೆಸರು 'ಜಿಗಣೆ', ಅದು ಕುಮಾರ ಪರ್ವತದ ಕೊಡುಗೆ.

ಮೊದ್ಲು ಹೆರಿಗೆ ರಾತ್ರಿ ಕಥೆ ಬರೀತೀನಿ, ಮರೆತು ಹೋಗೋದ್ರೊಳಗೆ. ಭೂಮಿ ಹುಣ್ಣಿಮೆ ಅವತ್ತು. ನಮ್ಮ ಕಡೆ ಇದು ದೊಡ್ಡ ಹಬ್ಬ, ಗದ್ದೇಲಿ ಭತ್ತ ಹೊಡೆ ತುಂಬಿ ನಿಂತಿರುತ್ತೆ, ಅಂದ್ರೆ ಭೂಮಿ ತಾಯಿ ಬಸುರಿ, ಅವಳ ಬಯಕೆ ತೀರಿಸ್ಬೇಕು ಅಂತ ಹೆಂಗಸರು ರಾತ್ರಿ ಇಡೀ ನಿದ್ದೆಗೆಟ್ಟು ಬೆರಕೆ ಸೊಪ್ಪು, ಕಡುಬು, ಪಾಯಸ ಎಲ್ಲ ಮಾಡಿ, ಬೆಳಕು ಹರಿಯೋ ಮುಂಚೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟೀಲಿ ತುಂಬಿ ಗದ್ದೆಗೆ ಕಳಿಸೋದು. ಅಮ್ಮ ಒಲೆ ಮುಂದೆ, ನಾನು ಅಲ್ಲೇ ಗೋಡೆಗೆ ಒರಗಿ ಕೂತು ಸೊಪ್ಪು ಬಿಡಿಸ್ತಿದ್ದೆ. ಸೊಂಟದಲ್ಲಿ ಏನೋ ಹಿಡ್ಕೊಂಡಂಗೆ ಆಯ್ತು, ಬಿಡ್ತು, ಮತ್ತೆ ಹಿಡೀತು. ಗ್ಯಾಸ್ ಇರ್ಬೇಕು ಅಂದೆ. ಅಮ್ಮ ನನ್ನ ಮುಖ ನೋಡಿದ್ಳು, ಸೌಟು ಅಪ್ಪನ ಕೈಗೆ ಕೊಟ್ಳು, ಪಕ್ಕದ ಮನೆಯ ಕಾರು ಕರೆಸಿದ್ಳು. ಈ ವರ್ಷದ ಬುಟ್ಟಿ ಹೊತ್ಕೊಂಡು ಅಪ್ಪ ಒಬ್ನೇ ಗದ್ದೆಗೆ ಹೋದ, ಕಡುಬು ಅರ್ಧ ಬೆಂದಿತ್ತಂತೆ, ಭೂಮಿ ತಾಯಿ ಏನೂ ಅನ್ಲಿಲ್ಲ ಪಾಪ.

ನಮ್ಮೂರಿಂದ ಸಾಗರಕ್ಕೆ ಹೋಗ್ಬೇಕು ಅಂದ್ರೆ ಶರಾವತಿ ಹಿನ್ನೀರು ದಾಟ್ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ್ಮೇಲೆ ಕರೂರು-ಬಾರಂಗಿ ಹೋಬಳಿಯ ನಾವೆಲ್ಲ ಒಂಥರಾ ದ್ವೀಪದ ಜನ, ಲಾಂಚ್ ಅನ್ನೋ ದೊಡ್ಡ ದೋಣಿ ಇದ್ರೆ ಉಂಟು, ಸಂಜೆ ಲಾಂಚ್ ನಿಂತ್ಮೇಲೆ ಏನಾದ್ರೂ ಆದ್ರೆ ನಗರ, ಹೊಸನಗರ ಅಂತ ಕಾಡು ರಸ್ತೇಲಿ ಸುತ್ಕೊಂಡು ಹೋಗ್ಬೇಕಿತ್ತು. ಅಮ್ಮ ನನ್ನ ಹೊಟ್ಟೇಲಿ ಇಟ್ಕೊಂಡಿದ್ದಾಗ ದಿನ ತುಂಬೋಕೆ ಎಷ್ಟೋ ಮೊದ್ಲೇ ಹೊಳೆ ದಾಟಿ ಸಾಗರದಲ್ಲಿ ದೊಡ್ಡಮ್ಮನ ಮನೇಲಿ ಹೋಗಿ ಕೂತಿದ್ಳಂತೆ. ಈ ಕಡೆ ಅನುಕೂಲ ಇದ್ದ ಬಸುರಿಯರೆಲ್ಲ ಹಾಗೇ ಮಾಡ್ತಿದ್ದಿದ್ದು. ಇಲ್ಲದವರು? ಆ ಕಥೆಗಳನ್ನ ಅಮ್ಮ ಕಾರಲ್ಲಿ ನನ್ನ ಬೆನ್ನು ಉಜ್ತಾ ಉಜ್ತಾ ಹೇಳೋಕೆ ಶುರು ಮಾಡಿದ್ಳು, ಅಮ್ಮಾ ಈಗ ಬೇಡ್ವೇ ಅಂತ ಕಿರುಚಿದೆ. ಈ ವರ್ಷ ಜುಲೈ 14ಕ್ಕೆ ಸೇತುವೆ ಓಪನ್ ಆಗಿತ್ತಲ್ಲ, ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ, ಎರಡೂವರೆ ಕಿಲೋಮೀಟರ್ ಹತ್ರ ಹತ್ರ ಉದ್ದ. ರೀಲ್ಸ್ ಮಾಡೋಕೆ ಬರೋರ ಕಾಟ ಅಂತ ಊರಲ್ಲಿ ಎಲ್ರೂ ಬೈತಿದ್ರು, ನಾನೂ ಬೈದಿದ್ದೆ, ಅವತ್ತು ರಾತ್ರಿ ಮಾತ್ರ ಆ ಸೇತುವೆ ಮೇಲೆ ಎರಡು ನೋವಿನ ಮಧ್ಯೆ ದಾಟಿ ಆಯ್ತು. ಲಾಂಚಿನ ಕಾಲದಲ್ಲಾಗಿದ್ರೆ ಹಿನ್ನೀರಿನ ದಡದ ಮೇಲೆ ಕೂತು ಬೆಳಗಾಗೋದು ಕಾಯ್ಬೇಕಿತ್ತು, ಇಲ್ಲಾ ಆ ಕಾಡು ರಸ್ತೇಲಿ ಸುತ್ಬೇಕಿತ್ತು.

ಆಸ್ಪತ್ರೆ ಹೆಸರು ಬೇಡ. ಡಾಕ್ಟ್ರು ಒಳ್ಳೆಯವ್ರೇ. ನೋವು ಸಾಲ್ತಿಲ್ಲ ಅಂತ ಡ್ರಿಪ್ ಹಾಕಿದ್ರು, ಆಮೇಲೆ ಬಂದ ನೋವನ್ನ ನೋವು ಅನ್ನೋದು ಕಮ್ಮಿ ಆಗುತ್ತೆ, ಬರೀಬೇಕು ಅಂತಾನೇ ಕೂತೆ, ಆದ್ರೂ ಬರೆಯೋಕೆ ಆಗ್ತಿಲ್ಲ ಬಿಡಿ. ಪಕ್ಕದ ಬೆಡ್ಡಲ್ಲಿ ಕೂಗ್ತಿದ್ದ ಚಿಕ್ಕ ಹುಡುಗಿಗೆ ಒಬ್ಬಾಕೆ "ಆವಾಗ ಗೊತ್ತಾಗ್ಲಿಲ್ವಾ" ಅಂದಿದ್ದು ಕೇಳಿಸ್ತು. ಎಷ್ಟು ತಲೆಮಾರಿಂದ ಇದೇ ಡೈಲಾಗು ಹೆರಿಗೆ ವಾರ್ಡಲ್ಲಿ! ಆ ಹುಡುಗಿ ಜೊತೆ ಒಳಗೆ ಯಾರೂ ಇರ್ಲಿಲ್ಲ. ನನ್ನ ಜೊತೆ ಅಮ್ಮ ಇದ್ಳು, ನನಗೆ ಯಾರೂ ಏನೂ ಅನ್ಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಲ್ಲಿ ಜೊತೆಗೆ ಮನೆಯ ಹೆಂಗಸೊಬ್ಳು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ, ಅದ್ಯಾಕೆ ಅಂತ ಆ ರಾತ್ರಿ ಕಣ್ಣಾರೆ ನೋಡಿದೆ. ಬೆಳಗಿನ ಜಾವ ಮಗಳು ಬಂದ್ಳು. ಇವ್ರು ಬೆಂಗಳೂರಿಂದ ರಾತ್ರಿ ಟ್ರೈನಲ್ಲಿ ಬಂದು ಸಾಗರ ಜಂಬಗಾರು ಸ್ಟೇಷನ್ನಲ್ಲಿ ಇಳಿಯೋ ಹೊತ್ತಿಗೆ ಎಲ್ಲ ಮುಗಿದಿತ್ತು.

ಆಮೇಲೆ ಶುರು ಆಯ್ತು ನೋಡಿ ಪ್ರಶ್ನೆ. ನಾರ್ಮಲ್ಲಾ ಸಿಸೇರಿಯನ್ನಾ? ತೂಕ ಎಷ್ಟು? ಯಾರ ತರ? ಹಾಲು ಸಾಕಾಗುತ್ತಾ? ಬಂದವರೆಲ್ಲ ಇದನ್ನೇ ಕೇಳಿ, ಪಾಪು ಕೈಗೆ ನೂರರ ನೋಟು ಹಿಡಿಸಿ, ಕಾಫಿ ಕುಡಿದು ಹೋಗ್ತಾರೆ. ತಪ್ಪು ಅಂತಲ್ಲ, ನಾನೂ ಬಾಣಂತಿ ನೋಡೋಕೆ ಹೋದಾಗ ಇನ್ನೇನು ಕೇಳಿದೀನಿ. ನಾರ್ಮಲ್ ಅಂದ ತಕ್ಷಣ ಎಲ್ರಿಗೂ ಸಮಾಧಾನ. ಹೊಲಿಗೆ ಹಾಕಿದ ಜಾಗದಲ್ಲಿ ಕೂರೋಕೂ ಆಗಲ್ಲ, ಕೆಮ್ಮಿದ್ರೆ ಉಚ್ಚೆ ಹೋಗುತ್ತೆ, ಮೊದಲ ಸಲ ಸಂಡಾಸಿಗೆ ಹೋಗೋಕೆ ಹೆದರಿ ಊಟಾನೇ ಕಮ್ಮಿ ಮಾಡಿದ್ದೆ, ಇದೆಲ್ಲ ನಾರ್ಮಲ್ ಒಳಗೇ ಬರುತ್ತೆ ಅಂತ ಯಾರ ಹತ್ರ ಹೇಳೋದು? ಅಮ್ಮನ ಹತ್ರ ಹೇಳಿದ್ರೆ ನಾವೆಲ್ಲ ಹಡೆದಿಲ್ವಾ ಅಂತಾಳೆ. ಗಂಡನ ಹತ್ರ ಹೇಳಿದೆ, ಪಾಪ ಬಿಳಿಚಿಕೊಂಡ್ರು.

ಶನಿವಾರ ಕುಂದಾಪುರದವಳು ಕೊಲ್ಲೂರು ಮೇಲೆ ಸ್ಕೂಟರಲ್ಲಿ ಬಂದಿಳಿದ್ಳು, ಮಗನ್ನ ಅತ್ತೆ ಹತ್ರ ಬಿಟ್ಟು. ಧಾರವಾಡದವಳು ಹಿಂದಿನ ರಾತ್ರೀನೇ ಸಾಗರಕ್ಕೆ ಬಂದು ಉಳ್ಕೊಂಡು ಬೆಳಗ್ಗೆ ಬಸ್ ಹಿಡಿದು ಬಂದ್ಳು, ಕೈಯಲ್ಲಿ ಅವ್ರಮ್ಮ ಮಾಡಿದ ಅಂಟಿನುಂಡಿ ಡಬ್ಬ. ಈ ಉಂಡೆ ನಮ್ಮ ಕಡೆ ಬಾಣಂತಿಗೆ ಕೊಡೋ ಪದ್ಧತಿ ಇಲ್ಲ, ಮೆಣಸಿನ ಸಾರು ಬೆಳ್ಳುಳ್ಳೀಲೇ ಆಗ್ಬೇಕು ಅನ್ನೋ ನಮ್ಮಮ್ಮ ಅನುಮಾನದಿಂದ ಒಂದು ಚೂರು ಮುರಿದು ತಿಂದ್ಳು, ಆಮೇಲೆ ಡಬ್ಬ ಅಡುಗೆ ಮನೆಗೆ ಹೋಗಿದ್ದು ವಾಪಸ್ ಬರುವಾಗ ಅರ್ಧ ಖಾಲಿ.

ಅಮ್ಮ ಆ ಕಡೆ ಹೋಗಿದ್ದೇ ತಡ ಕುಂದಾಪುರದವಳು ಬಾಗಿಲು ಮುಂದೆ ಮಾಡಿ ಕೇಳಿದ ಮೊದಲ ಮಾತು, "ಹೊಲ್ಗೆ ಹ್ಯಾಂಗಿತ್ತ್ ಮಾರಾಯ್ತಿ?"

ಅಷ್ಟು ದಿನ ತಡೆದಿದ್ದೆಲ್ಲ ಹೊರಗೆ ಬಂತು. ಹೆರಿಗೆ ಟೇಬಲ್ ಮೇಲೆ ಮುಕ್ಕರಿಸುವಾಗ ಒಂದೂ ಎರಡೂ ಆಗೋಯ್ತು, ಆಯಾ ಬಂದು ಒರೆಸಿದ್ರು, ಅಷ್ಟು ನೋವಲ್ಲೂ ನಾಚಿಕೆ ಆಯ್ತು ಅಂದೆ. ಧಾರವಾಡದವಳು ಬಿದ್ದು ಬಿದ್ದು ನಕ್ಳು. "ನಿನಗ ನಾಚಿಕಿ ಯಾವಾಗ ಬಂತಲೇ? ಗಿರಿಗದ್ದಿ ಮರತ್ಯೇನ?"

ಹೆಂಗೆ ಮರೀಲಿ. ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತುವಾಗ ಗಿರಿಗದ್ದೆಯಲ್ಲಿ ಉಂಡ ಅನ್ನ ಸಾಂಬಾರು ಮಜ್ಜಿಗೆ ನನಗೆ ಯಾಕೋ ಒಗ್ಗಲಿಲ್ಲ, ಕಲ್ಲು ಮಂಟಪ ದಾಟಿದ್ಮೇಲೆ ಮರಾನೇ ಇಲ್ಲ ಬರೀ ಹುಲ್ಲು, ಮರೆ ಎಲ್ಲಿ ಸಿಗ್ಬೇಕು, ಇವರಿಬ್ರೂ ದುಪಟ್ಟಾ ಹಿಡ್ಕೊಂಡು ಬೆನ್ನು ತಿರುಗಿಸಿ ನಿಂತು ಕಾವಲು ಕಾದಿದ್ರು, ಬಂದ ಹುಡುಗರ ಗುಂಪಿಗೆ "ಆ ಕಡೆ ಹೋಗ್ರಿ, ಹಾವೈತಿ" ಅಂತ ಧಾರವಾಡದವಳು ಸುಳ್ಳು ಹೇಳಿ ಓಡಿಸಿದ್ಳು. ಕೊಡಚಾದ್ರಿ ಜೀಪಲ್ಲಿ ಕುಂದಾಪುರದವಳು ವಾಂತಿ ಮಾಡಿದ್ದು ನನ್ನ ಮಡಿಲಿಗೇ. ಹಂಪೀಲಿ ಮಟಮಟ ಮಧ್ಯಾಹ್ನ ಧಾರವಾಡದವಳಿಗೆ ಪೀರಿಯಡ್ಸ್ ಆಗಿ ಪ್ಯಾಂಟೆಲ್ಲ ಕಲೆ, ಹೇಮಕೂಟದ ಬಂಡೆ ಹಿಂದೆ ನನ್ನ ಪ್ಯಾಂಟು ಅವಳು, ಅವಳ ವೇಲು ನಾನು ಸುತ್ಕೊಂಡು ಬಂದಿದ್ವಿ. ಅವತ್ತು ತೆಗೆದ ಫೋಟೋಗಳಲ್ಲಿ ಇದ್ಯಾವ್ದೂ ಇಲ್ಲ, ಸೂರ್ಯಾಸ್ತ ಇದೆ, ಕಲ್ಲಿನ ರಥ ಇದೆ. ಆದ್ರೆ ನಮ್ಮನ್ನ ಇಷ್ಟು ವರ್ಷ ಹಿಡಿದಿಟ್ಟಿರೋದು ಸೂರ್ಯಾಸ್ತ ಅಲ್ಲ ಅಂತ ನನಗೆ ಗ್ಯಾರಂಟಿ. ಮೈಯ ವಿಷಯದಲ್ಲಿ ಒಬ್ರ ಮುಂದೆ ಒಬ್ರಿಗೆ ಮುಚ್ಚಿಡೋಕೆ ಏನೂ ಉಳಿದಿಲ್ಲ. ಅದಕ್ಕೇ ಹೆರಿಗೆ ಕಥೇನ ಪೂರ್ತಿ, ಒಂದಕ್ಷರ ಬಿಡದೆ, ಇವರಿಬ್ರಿಗೆ ಮಾತ್ರ ಹೇಳೋಕಾಯ್ತು.

ರಾತ್ರಿ ಕುಂದಾಪುರದವಳು ಪಾಪುನ ಎದೆ ಮೇಲೆ ಹಾಕ್ಕೊಂಡು ಮಲಗಿದ್ಳು, ನನಗೆ ಮೂರು ಗಂಟೆ ಒಂದೇ ಸಮ ನಿದ್ದೆ, ಅದಕ್ಕೆ ಅವಳ ಕಾಲು ತೊಳೆದ್ರೂ ಕಮ್ಮಿ. ಹಾಲು ಕುಡಿಸೋಕೆ ಎದ್ದಾಗ ಧಾರವಾಡದವಳೂ ಎದ್ದೇ ಇದ್ಳು. ಅವಳಿಗೆ ಮಕ್ಕಳು ಬೇಡ, ಮೊದಲಿಂದಾನೂ ಹೇಳ್ತಾಳೆ, ನಾವು ಅದರ ಬಗ್ಗೆ ಯಾವತ್ತೂ ವಾದ ಮಾಡಿಲ್ಲ.

"ಖರೇ ಹೇಳು," ಅಂದ್ಳು, "ಇನ್ನ ಮ್ಯಾಲೆ ನಮ್ಮ ಟ್ರಿಪ್ ಬಂದ್ ಹೌದಿಲ್ಲೋ? ಇಕಿಗೂ ಹುಡುಗ ಆದ್ಮ್ಯಾಲೆ ಎರಡು ವರ್ಷ ಬರಲಿಲ್ಲ. ಈಗ ನೀನು. ನಾ ಒಬ್ಬಾಕಿ ಬ್ಯಾಗ್ ತುಂಬಿಕೊಂಡು ಎಲ್ಲಿಗೆ ಹೋಗ್ಲಿ?"

ಛೆ ಹಂಗೇನಿಲ್ಲ, ಏನೂ ಬದಲಾಗಲ್ಲ ಅಂತ ಹೇಳಬಹುದಿತ್ತು. ಹೇಳ್ಲಿಲ್ಲ, ಯಾಕಂದ್ರೆ ಬದಲಾಗಿದೆ, ಅವಳು ಮಾತಾಡ್ತಿರೋವಾಗ್ಲೂ ನನ್ನ ಅರ್ಧ ಕಿವಿ ಪಾಪು ಉಸಿರಾಟದ ಮೇಲಿತ್ತು. ಗುಡ್ಡ ಹತ್ತೋದು ಸದ್ಯಕ್ಕಿಲ್ಲ ಅಂದೆ. ಆರು ತಿಂಗಳವರೆಗೆ ಇವಳಿಗೆ ನನ್ನ ಹಾಲೊಂದೇ, ಬಿಟ್ಟು ಬರೋ ಮಾತೇ ಇಲ್ಲ, ಕರ್ಕೊಂಡೇ ಬರೋದು. ನನ್ನ ರಜೆ 26 ವಾರ, ಏಪ್ರಿಲ್ ಹೊತ್ತಿಗೆ ಮುಗಿಯುತ್ತೆ, ಅದಕ್ಕೆ ಮುಂಚೆ ಗೋಕರ್ಣ ಆಗಬಹುದು, ನಡೆಯೋದಿಲ್ಲ, ಬೀಚ್ ಟ್ರೆಕ್ಕಿಲ್ಲ, ಒಂದು ರೂಮು ಮಾಡ್ಕೊಂಡು ಬಿದ್ಕೊಳ್ಳೋದು, ನಿನಗೆ ಬೋರಾಗುತ್ತೆ ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ಬೋರ್ ಆಗ್ತೈತಿ," ಅಂತ ಒಪ್ಕೊಂಡ್ಳು.

ಕತ್ತಲಲ್ಲಿ ಆ ಕಡೆಯಿಂದ ಕುಂದಾಪುರದವಳ ದನಿ, ನಿದ್ದೇಲಿದಾಳೆ ಅಂದ್ಕೊಂಡಿದ್ವಿ, ಫೆಬ್ರವರಿ ಆದ್ರೆ ಸೆಖೆ ಕಮ್ಮಿ, ಮಾರ್ಚ್ ಅಂದ್ರೆ ತಾನು ಬರಲ್ಲ, ಮಗನ ಪರೀಕ್ಷೆ ಅಂತ. ಒಂದನೇ ಕ್ಲಾಸಿನ ಪರೀಕ್ಷೆ! ಅದರ ಮೇಲೆ ಬೆಳಗಿನ ತಿಂಡಿವರೆಗೂ ಜಗಳ ಆಯ್ತು. ಧಾರವಾಡದವಳು ಬಸ್ ಹತ್ತಿದ ಮೇಲೆ ಗ್ರೂಪಲ್ಲಿ ಮೂರು ಹೋಮ್‌ಸ್ಟೇ ಲಿಂಕ್ ಹಾಕಿದಾಳೆ, ಮೂರೂ ಮೆಟ್ಟಿಲು ಹತ್ತಿ ಹೋಗೋ ಗುಡ್ಡದ ಮೇಲಿನವೇ, ಬೈದು ರಿಪ್ಲೈ ಮಾಡ್ಬೇಕು, ಪಾಪು ಎದ್ದಳು.