ಯಾವ ದೇಶದವಳವ್ವಾ ನೀನು?

ನಿನ್ನೆ ಯಲ್ಲಾಪುರದಿಂದ ಹುಬ್ಬಳ್ಳಿಗೆ ಬರೋ ಬಸ್ಸಲ್ಲಿ ನನ್ನ ಮುಂದಿನ ಸೀಟಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿಯೊಬ್ಬಳು ಕೂತಿದ್ದಳು. ಕಾಲೇಜಿನ ಬ್ಯಾಗು, ತೊಡೆ ಮೇಲೆ ಹಲಸಿನ ಹಪ್ಪಳದ ಕಟ್ಟು. ಪಕ್ಕದ ಹಿರಿಯರು ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಯಾವ ದೇಶದವಳವ್ವಾ ನೀನು? ಕನ್ನಡ ಬರ್ತದೇನು?"

"ಇಲ್ಲೇ ಯಲ್ಲಾಪುರ ತಾಲೂಕ್ರಿ ಅಜ್ಜಾರ" ಅಂದಳು. ಸಿಟ್ಟಿಲ್ಲ, ನಗುವೂ ಇಲ್ಲ. ಎಷ್ಟು ಸಲ ಹೇಳಿ ಹೇಳಿ ಸವೆದ ಉತ್ತರವೋ ಅದು. ಹಿಂದಿನ ಸೀಟಿನ ಹುಡುಗರು ಅವಳ ಕೂದಲಿನ ಬಗ್ಗೆ ಏನೋ ಅಂದು ಕಿಸಕ್ಕನೆ ನಕ್ಕರು. ಆ ಮಾತನ್ನು ಇಲ್ಲಿ ಬರೆಯಲಾರೆ. ಅವಳು ದುಪಟ್ಟಾ ತಲೆ ಮೇಲೆ ಎಳೆದುಕೊಂಡಳು.

ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕಾದ ಜನ ತಪ್ಪಿಸಿಕೊಂಡು ಬಂದು ಈ ಕಾಡು ಸೇರಿ ನೂರಾರು ವರ್ಷ ಆಯ್ತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು. ಆದರೂ ಬಸ್ಸಲ್ಲಿ ಅದೇ ಪ್ರಶ್ನೆ. ಬೆಂಗಳೂರಲ್ಲಿ ಮಣಿಪುರ, ನಾಗಾಲ್ಯಾಂಡಿನ ಮಕ್ಕಳಿಗೂ ಇದೇ ಪಾಡು, ಬೈಯೋ ಪದ ಬೇರೆ ಅಷ್ಟೆ.

ನಾನು ತಿರುಗಿ "ಸುಮ್ನಿರ್ರಪಾ" ಅಂದೆ. ಅಷ್ಟೇ ಅಂದೆ. ಇನ್ನೂ ಜೋರಾಗಿ ಅನ್ನಬೇಕಿತ್ತು, ರಾತ್ರಿಯಿಡೀ ಅದೇ ಕೊರೀತಾ ಇತ್ತು. ನಮ್ಮನೇಲೂ ಕೂಸು ಹುಟ್ಟಿದ ದಿನ ಬಂದವರು ಮೊದಲು ಕೇಳಿದ್ದು "ಬಣ್ಣ ಹೆಂಗದ?" ಅಂತಲೇ. ಆವತ್ತೂ ನಾನು ಬಾಯಿ ಬಿಡಲಿಲ್ಲ.

ಕಲಘಟಗಿ ದಾಟಿದ ಮೇಲೆ ಅವಳು ಫೋನಲ್ಲಿ ಅವ್ವನ ಜೊತೆ ಮಾತಾಡಿದಳು. "ಸೀಟ್ ಸಿಕ್ಕದ, ಆರಾಮ ಹೊಂಟೀನಿ."